ಕನ್ನಡಕ ಒರೆಸುವ ಹೊತ್ತು

ಪ್ರಶ್ನೆ ಕೇಳಿದ ಮೇಲೆ ಯೋಗೀಶ್ ಮಾಸ್ತರರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕಿಟಕಿಯ ಕಡೆ ತಿರುಗಿ, ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಮೊದಲು ಎಡಗಾಜು, ಆಮೇಲೆ ಬಲಗಾಜು, ಮತ್ತೆ ಎಡಗಾಜು ಎಂದು ಒರೆಸುತ್ತಾ ನಿಂತುಬಿಡುತ್ತಿದ್ದರು. ಗಾಜಿನಲ್ಲಿ ಧೂಳು ಇರಲೇಬೇಕೆಂದೇನಿಲ್ಲ. ಹಿಂದಿನ ಬೆಂಚಿನಲ್ಲಿ ಯಾರಾದರೂ ಗಂಟಲು ಸರಿಪಡಿಸಿಕೊಳ್ಳುವವರೆಗೆ ಆ ಕೆಲಸ ಮುಗಿಯುತ್ತಿರಲಿಲ್ಲ. "ಅಂದಾಜಿಗೆ ಹೇಳಿ, ತಪ್ಪಾರೂ ಅಡ್ಡಿಲ್ಲ" ಎಂಬ ಅವರ ಮಾತನ್ನು, ಕುಂದಾಪುರದ ಕಾಲೇಜಿನಲ್ಲಿ ಅವರಿಂದ ಭೌತಶಾಸ್ತ್ರ ಕಲಿತವರೆಲ್ಲ ಅವರದೇ ದನಿಯಲ್ಲಿ ಆಡಿ ತೋರಿಸಬಲ್ಲರು. ನಡಿಗೆಯನ್ನೂ ಅಷ್ಟೆ: ಪ್ರತಿ ಹೆಜ್ಜೆಗೂ ನೆಲದ ಅನುಮತಿ ಕೇಳುವಂಥ ನಡಿಗೆ.

ನಿವೃತ್ತಿ ಹತ್ತಿರವಾದಾಗ ಅವರಿಗೊಂದು ಆಸೆ ಹುಟ್ಟಿತು. ಓದನ್ನು ಅರ್ಧಕ್ಕೆ ಬಿಟ್ಟವರು ಮನೆಯಲ್ಲೇ ಕೂತು, ದುಡ್ಡಿಲ್ಲದೆ, ಮೊಬೈಲಿನಲ್ಲಿ ಕಲಿಯಬಹುದಾದ ಒಂದು ಆನ್‌ಲೈನ್ ಕೋರ್ಸ್ ಮಾಡಬೇಕು. ಯಾರು ಬೇಕಾದರೂ ಸೇರುವಂತಿರಬೇಕು. ಒಂದು ಸಂಸ್ಥೆ ಒಪ್ಪಿತು. ಚಿತ್ರೀಕರಣವನ್ನೂ ಸಂಕಲನವನ್ನೂ ವಹಿಸಿಕೊಂಡ ವಿನಯಾ ಕೆಲಸದಲ್ಲಿ ಬಲು ಚುರುಕು. ವಿಡಿಯೊ ಚಿಕ್ಕದಿರಬೇಕು, ಮೌನ ಬಂದರೆ ಜನ ಬೆರಳಾಡಿಸಿ ಬೇರೆಡೆ ಹೋಗುತ್ತಾರೆ ಎಂಬುದು ಅವಳ ಅನುಭವ, ಸುಳ್ಳೂ ಅಲ್ಲ. ನೋಡಲು ಗೌರವವಾಗಿರಲಿ ಎಂದು ಮಾಸ್ತರರಿಗೆ ಬೂದು ಬಣ್ಣದ ಕೋಟೊಂದನ್ನೂ ತೊಡಿಸಿದಳು. ಗುಂಡಿ ಹಾಕಿದ ಕೋಟಿನೊಳಗೆ ಅಂಗಿಯ ಅಂಚು ಕೈಗೆ ಸಿಗುವುದಿಲ್ಲ. ಪ್ರಶ್ನೆ ಕೇಳಿದಾಗ ಅವರ ಕೈ ಒಮ್ಮೆ ಸೊಂಟದವರೆಗೆ ಹೋಗಿ, ಬರಿದೇ ಮರಳಿ, ಉತ್ತರ ಬರೆಯಲು ಬೋರ್ಡಿನತ್ತ ಏರುತ್ತಿತ್ತು.

ಮೊದಲ ಸುತ್ತಿಗೆ ಸಾವಿರಾರು ಜನ ಹೆಸರು ಕೊಟ್ಟರು. ಕೊನೆಯ ಪಾಠಕ್ಕೆ ಉಳಿದವರನ್ನು ಕಾಲೇಜಿನ ಒಂದು ಕೋಣೆಯಲ್ಲಿ ಕೂರಿಸಿದ್ದರೆ ಬೆಂಚುಗಳು ಖಾಲಿ ಉಳಿಯುತ್ತಿದ್ದವು. ಇನ್ನೊಂದು ಸುತ್ತು ನೋಡುತ್ತೇವೆ, ಹೀಗೇ ಆದರೆ ನಿಲ್ಲಿಸುವುದೇ ಸೈ ಎಂದಿತು ಸಂಸ್ಥೆ. ಹಿನ್ನೆಲೆಗೆ ಸಂಗೀತ ಹಾಕೋಣವೇ ಎಂದು ವಿನಯಾ ಕೇಳಿದಳು. ಮಾಸ್ತರರು ಮಾತ್ರ ಬಿಟ್ಟುಹೋದವರಿಗೆ ಒಬ್ಬೊಬ್ಬರಾಗಿ ಫೋನ್ ಮಾಡುತ್ತಾ ಕೂತರು.

ಹೆಚ್ಚಿನವರು ಪುರುಸೊತ್ತಿಲ್ಲ ಎಂದು ನಯವಾಗಿ ಹೇಳಿದರು. ಬಸ್ರೂರಿನ ಸರೋಜ ಮಾತ್ರ ಹೊಲಿಗೆ ಯಂತ್ರ ನಿಲ್ಲಿಸಿ ಮಾತಾಡಿದಳು. ಅವಳು ಅವರದೇ ಹಳೆಯ ವಿದ್ಯಾರ್ಥಿನಿ. ಅಮ್ಮ ಹಾಸಿಗೆ ಹಿಡಿದಾಗ ಪಿಯುಸಿಯನ್ನು ನಡುವೆ ಬಿಟ್ಟವಳು. ಹಾಗಾದರೆ ಎರಡನೆಯ ಸಲವೂ ಅವಳು ತಮ್ಮ ಪಾಠದಿಂದಲೇ ಎದ್ದು ಹೋದಳಲ್ಲ ಎಂಬುದು ಅವರನ್ನು ಚುಚ್ಚಿತು. ಯಾಕೆ ಬಿಟ್ಟೆ ಎಂದು ಕೇಳಿದರು.

"ಸರ್, ಕ್ಲಾಸಂಗೆ ನಂಗ್ ಎಲ್ಲರ್ಕಿಂತ ತಡು ಹೊಳೀತಿತ್. ನೀವ್ ಕನ್ನಡ್ಕ ಒರ್ಸಿ ಮುಗ್ಸುಕೂ ಉತ್ರ ಬಪ್ಪುಕೂ ಸಮಾ ಆತಿತ್. ಈಗ ಪ್ರಶ್ನಿಯೂ ನೀವೇ, ಉತ್ರವೂ ನೀವೇ. ನಾ ಎಂತಕ್ ಕೂಕಂಬ್ದ್?"

ತಾನು ಯಾಕೆ ಕೂರಬೇಕು ಎಂದು ಮಾಸ್ತರರನ್ನೇ ಕೇಳಿಬಿಟ್ಟದ್ದಕ್ಕೆ ಅವಳಿಗೇ ಕಸಿವಿಸಿಯಾಗಿರಬೇಕು. "ಮತ್ತೆ ಸರ್, ಆ ಕೋಟಿನ ತೋಳ್ ಉದ್ದ ಆಯ್ತ್. ಇಲ್ಲಿಗ್ ಕಳ್ಸಿ, ಗಿಡ್ಡ ಮಾಡಿ ಕೊಡ್ತೆ" ಎಂದು ನಗಿಸಿದಳು.

ಎರಡನೆಯ ಸುತ್ತಿನ ಚಿತ್ರೀಕರಣಕ್ಕೆ ಮಾಸ್ತರರು ಬರಿಯ ಅಂಗಿಯಲ್ಲಿ ಬಂದರು. ಗಂಗೊಳ್ಳಿಯ ಹೊಳೆಯಲ್ಲಿ ಸಾಮಾನು ತುಂಬಿದ ದೋಣಿಯೊಂದು ಅಳಿವೆ ದಾಟಿ ಉಪ್ಪುನೀರಿನ ಕಡಲಿಗೆ ಹೋದರೆ ಸ್ವಲ್ಪ ಮೇಲೇಳುತ್ತದೋ, ಇನ್ನಷ್ಟು ಕುಸಿಯುತ್ತದೋ ಎಂದು ಕೇಳಿದರು. ಸ್ಟುಡಿಯೊದಲ್ಲಿ ಕಿಟಕಿಯಿಲ್ಲ. ಕಪ್ಪು ಪರದೆಯ ಕಡೆಗೇ ತಿರುಗಿ ಕನ್ನಡಕ ಒರೆಸತೊಡಗಿದರು.

ಸಂಕಲನಕ್ಕೆ ಕೂತಾಗ ವಿನಯಾಳ ಬೆರಳು ಅಲ್ಲಿ ನಿಂತಿತು. ಬೇಕಾದವರು ತಾವೇ ವಿಡಿಯೊ ನಿಲ್ಲಿಸಿಕೊಳ್ಳಬಹುದಲ್ಲ ಎಂದಳು. ಸರೋಜಳಂಥವರಿಗೆ ತಾವೊಬ್ಬರೇ ನಿಲ್ಲಿಸಿಕೊಂಡರೆ ಹಿಂದೆ ಬಿದ್ದೆವು ಅನ್ನಿಸುತ್ತದೆ, ಮಾಸ್ತರೇ ನಿಂತರೆ ಹಾಗನ್ನಿಸುವುದಿಲ್ಲ ಎಂದರು ಅವರು.

"ಆದ್ರೆ ಸರ್, ಇಲ್ಲಿ ಎಂತದೂ ಆತಿಲ್ಲ."

"ಇಲ್ಲಿ ಆತಿಲ್ಲ, ಹೌದ್. ಅಲ್ಲಿ ಆತಾ ಇತ್ತ್ ವಿನಯಾ."

ಅವಳು ಕತ್ತರಿಸಲಿಲ್ಲ.

ಆ ಪಾಠ ಹೊರಬಂದ ದಿನ ಮಾಸ್ತರರು ಕಲಿಯುವವರು ಉತ್ತರ ಬರೆಯುವ ಪುಟವನ್ನು ಮತ್ತೆ ಮತ್ತೆ ತೆರೆದು ನೋಡುತ್ತಿದ್ದರು. ಸಂಜೆಗೆ ಸರೋಜಳ ಸಾಲು ಬಂತು: ಕುಸಿಯುತ್ತದೆ, ಕಡಲು ಆಳವಲ್ಲವೇ. ತಪ್ಪು ಉತ್ತರ. ಮಾಸ್ತರರ ಮುಖ ಅರಳಿತು, ಏಕೆಂದರೆ ಅವಳು ಕೂತಿದ್ದಳು. ತಪ್ಪು ಎಂದು ಬರೆಯದೆ, ಒಂದು ಲೋಟ ನೀರಿಗೆ ಹಸಿ ಮೊಟ್ಟೆ ಹಾಕಿ ನೋಡು, ಆಮೇಲೆ ಉಪ್ಪು ಬೆರೆಸುತ್ತಾ ಹೋಗು ಎಂದಷ್ಟೇ ಬರೆದರು. ಬಹಳ ಹೊತ್ತು ಏನೂ ಬರಲಿಲ್ಲ. ಕೊನೆಗೆ ಬಂದದ್ದು ಲೋಟದ ಒಂದು ಫೋಟೊ, ಮೊಟ್ಟೆ ಮೇಲೆ ತೇಲುತ್ತಿತ್ತು. ಕೆಳಗೆ, ಹಾಗಾದರೆ ದೋಣಿಯೂ ಏಳಬೇಕಲ್ಲ ಸರ್, ಎಂಬ ಮಾತು. ಆ ಮಾತಿನ ಕೆಳಗೆ ಯಾರೋ ಬೈಂದೂರಿನವರು, ಯಾರೋ ಬ್ರಹ್ಮಾವರದವರು ತಮ್ಮ ತಮ್ಮ ಲೋಟಗಳ ಫೋಟೊ ಹಾಕಿದರು.

ಈ ಸಲವೂ ಅನೇಕರು ನಡುವೆ ಬಿಟ್ಟರು. ಅಂಥ ಕೋರ್ಸುಗಳ ಸ್ವಭಾವವೇ ಅದು. ಆದರೆ ಉಳಿದವರು ಮೊದಲಿಗಿಂತ ಎಷ್ಟೋ ಹೆಚ್ಚು, ಅವರಲ್ಲಿ ಸರೋಜಳೂ ಒಬ್ಬಳು. ಸಂಸ್ಥೆ ಕೋರ್ಸ್ ಮುಂದುವರಿಸಿತು. ಬಸ್ರೂರಿಗೆ ಹೋಗಿ ತೋಳು ಗಿಡ್ಡವಾಗಿ ಬಂದ ಕೋಟು ಈಗ ಸ್ಟುಡಿಯೊದ ಮೊಳೆಯಲ್ಲಿ ನೇತಾಡುತ್ತಿದೆ. ಮಾಸ್ತರರ ಅಳತೆಗೆ ಸರಿಯಾಗಿದೆ, ಅವರು ತೊಡುವುದಿಲ್ಲ.

ಉತ್ತರ ನಾಲಗೆಯ ತುದಿಯಲ್ಲಿರುವಾಗ ಬಾಯಿ ಮುಚ್ಚಿಕೊಂಡಿರುವುದು ಬಲ್ಲವರಿಗೆ ಬಲು ಕಷ್ಟದ ಕೆಲಸ. ಅದನ್ನು ಜೀವಮಾನವೆಲ್ಲ ಮಾಡುವವರು ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಎದುರಿಗೆ ಕೂತವರಿಗಾಗಿ ಕಾದು ಅಭ್ಯಾಸವಾದ ಅಂಥವರು ಕಣ್ಣಿಗೆ ಕಾಣದವರಿಗಾಗಿಯೂ ಕಾಯುತ್ತಾರೆ. ಯಾವ ಊರಿನ ಯಾವ ಮನೆಯಲ್ಲಿ ಯಾರು ಯೋಚಿಸುತ್ತಿದ್ದಾರೆಂದು ತಿಳಿಯದೆಯೂ, ಯಾರೋ ಯೋಚಿಸುತ್ತಿದ್ದಾರೆಂದು ನಂಬಿ, ಕಪ್ಪು ಪರದೆಗೆ ಮುಖಮಾಡಿ, ಸ್ವಚ್ಛವಾಗಿರುವ ಗಾಜನ್ನೇ ಇನ್ನೊಮ್ಮೆ ಒರೆಸುತ್ತಾರೆ.