ಆರೋ ಒಂಬತ್ತೋ

ಬೀರುವಿನ ಬಾಗಿಲು ಎಷ್ಟು ಒತ್ತಿದರೂ ಮುಚ್ಚುತ್ತಿರಲಿಲ್ಲ. ಕಾರಿನ ಮೂತಿಯನ್ನು ಒಳಗೆ ಮಾಡಿ ತಳ್ಳಿದರೆ ಹಿಂದಿನ ಬಂಪರು ಹೊರಗುಳಿಯುತ್ತಿತ್ತು. ತಿರುಗಿಸಿ ತಳ್ಳಿದರೆ ಮುಂದಿನ ಎರಡು ದೀಪಗಳು ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದವು. ಮೊಳಕ್ಕಿಂತ ಉದ್ದದ ಮಾದರಿ ಕಾರು, ಬರೀ ಲೋಹ, ಎತ್ತಿದರೆ ಕೈ ಸೋಲುವಷ್ಟು ಭಾರ. ಹೊರಗೆ ಹಾಲಿನಲ್ಲಿ ಗಂಡನ ದೇಹ ಶವಪೆಟ್ಟಿಗೆಯಲ್ಲಿ ಮಲಗಿದೆ, ಸುತ್ತ ಜನ ಕೂತಿದ್ದಾರೆ, ಇವಳು ಕೋಣೆಯ ಚಿಲಕ ಹಾಕಿಕೊಂಡು ಆಟಿಕೆ ಬಚ್ಚಿಡುತ್ತಿದ್ದಾಳೆ. ನೋಡಿದವರು ತಲೆ ಕೆಟ್ಟಿದೆ ಅಂದಾರು. ಅಂದುಕೊಳ್ಳಲಿ, ತಮ್ಮನ ಕಣ್ಣಿಗೆ ಮಾತ್ರ ಇದು ಬೀಳಬಾರದು.

"ಏನೇ ಮಾಡ್ತಿದೀಯ ಒಳಗೆ? ಜನ ಕೇಳ್ತಿದಾರೆ!" ಬಾಗಿಲಾಚೆ ಗಂಡನ ಅಕ್ಕ, ದೊಡ್ಡ ನಾದಿನಿಯ ದನಿ.

"ಬಟ್ಟೆ ಬದಲಾಯಿಸ್ತಿದೀನಿ ಅತ್ತಿಗೆ. ಬಂದೆ."

ಕೊನೆಗೆ ಹಳೆಯ ಕಂಬಳಿಯಲ್ಲಿ ಸುತ್ತಿ ಮಂಚದ ಕೆಳಗೆ ನೂಕಿದಳು. ಬಗ್ಗಿದ್ದು ಸುಲಭ, ಏಳುವುದೇ ಕಷ್ಟ. ಎಡ ಮೊಣಕಾಲು ಹನ್ನೊಂದು ವರ್ಷದಿಂದ ಮಡಚುವುದಿಲ್ಲ. ಮಂಚದ ಕಾಲು ಹಿಡಿದು ಎದ್ದು, ಮುಖ ಒರೆಸಿಕೊಂಡು ಚಿಲಕ ತೆಗೆದಳು.

ಹಾಲಿನಲ್ಲಿ ವರ್ಕ್‌ಶಾಪಿನವರು ಒಂದು ಗುಂಪಾಗಿ ಕೂತು ಅವಳ ಗಂಡನ ಮಾತೇ ಆಡುತ್ತಿದ್ದರು. ಅಲ್ಲಿ ಅವರನ್ನು ಹೆಸರಿನಿಂದ ಕರೆದವರೇ ಇಲ್ಲ, ಎಲ್ಲರ ಬಾಯಲ್ಲೂ 'ಮೈಕ್ರೋಮೀಟರ್', ಕೂದಲೆಳೆಯ ದಪ್ಪವನ್ನೂ ಅಳೆಯುವ ಸಾಧನದ ಹೆಸರು. ಮೂವತ್ತನಾಲ್ಕು ವರ್ಷ ಒಂದೇ ಲೇತ್ ಯಂತ್ರದ ಮುಂದೆ ನಿಂತವರು.

"ಒಂದು ಪೀಸು, ಒಂದೇ ಒಂದು ಪೀಸು ವಾಪಸ್ ಬಂದಿಲ್ಲ ನೋಡಿ," ಫೋರ್‌ಮನ್ ಹೇಳುತ್ತಿದ್ದ. "ಕ್ಯಾಂಟೀನಲ್ಲಿ ಬ್ರೆಡ್ಡು ಕತ್ತರಿಸಿದ್ದು ಓರೆ ಆಯ್ತು ಅಂತ ವಾಪಸ್ ಕೊಟ್ಟ ಮಹಾರಾಯ!"

ಯಾರೋ ಕಿಸಕ್ಕನೆ ನಕ್ಕು, ದೇಹದ ಕಡೆ ನೋಡಿ ಬಾಯಿ ಮುಚ್ಚಿಕೊಂಡರು. ಅವಳಿಗೂ ನಗು ಬಂತು, ಜೊತೆಗೇ ಅಳುವೂ. ನಿನ್ನೆ ಬೆಳಿಗ್ಗೆ ಆ ಕಾರಿನ ಕೆಲಸಕ್ಕೆ ಮೇಜಿನ ಮುಂದೆ ಕೂತಲ್ಲೇ ಅವರು ಎದೆ ಹಿಡಿದುಕೊಂಡರು. ಇವಳು ನೀರು ತರುವಷ್ಟರಲ್ಲಿ ಮುಗಿದಿತ್ತು. ಚಿಮಟ ಇನ್ನೂ ಬೆರಳಲ್ಲೇ ಇತ್ತು.

"ನಿನ್ನ ತಮ್ಮನಿಗೆ ಹೇಳಿ ಕಳಿಸಿದೀಯಂತೆ?" ನಾದಿನಿ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು.

"ಫೋನ್ ಮಾಡಿದೆ."

"ಬರಲಿ. ಬಂದು ನೋಡಿಕೊಂಡು ಹೋಗಲಿ, ಬೇಡ ಅನ್ನಲ್ಲ. ಆದ್ರೆ ಹೆಗಲು ಕೊಡ್ತೀನಿ ಗಿಗಲು ಕೊಡ್ತೀನಿ ಅಂತ ಬಂದರೆ ನಾನು ಸುಮ್ಮನಿರಲ್ಲ. ನಿನ್ನ ಕಾಲು ಮುರಿದವನು ಅವನು. ನನ್ನ ತಮ್ಮ ಸಾಯೋ ತನಕ ಅವನ ಮುಖ ನೋಡಲಿಲ್ಲ, ಸತ್ತ ಮೇಲೆ ಮುಟ್ಟಿಸ್ತೀಯಾ?"

 ಫೋನಿನಲ್ಲಿ ತಮ್ಮ ಕೇಳಿದ್ದು ಒಂದೇ ಮಾತು. "ಬರಲಾ ಅಕ್ಕ, ಬೇಡವಾ?" ಐವತ್ತು ದಾಟಿದ ಗಂಡಸು, ಅಪ್ಪಣೆ ಕೇಳುತ್ತಿದ್ದ. ಬಾ ಎಂದಷ್ಟೇ ಹೇಳಿ ಅವಳು ಫೋನ್ ಇಟ್ಟಿದ್ದಳು.

*

ಹನ್ನೆರಡು ವರ್ಷದ ಹಿಂದೆ ಮನೆಯಲ್ಲಿ ಕೆನೆ ಬಣ್ಣದ ಹಳೆಯ ಕಾರೊಂದಿತ್ತು. ಅದರ ಪೆಟ್ರೋಲ್ ಎಂಜಿನ್ನು ಮುದಿಯಾಗಿ ಹೊಗೆ ಕಾರುತ್ತಿತ್ತು. ತಮ್ಮ ಮೆಕ್ಯಾನಿಕ್, ಎಂಜಿನ್ ಬದಲಾಯಿಸುವುದರಲ್ಲಿ ಎತ್ತಿದ ಕೈ.

"ಭಾವ, ಒಳ್ಳೇ ಡೀಸೆಲ್ ಎಂಜಿನ್ ಒಂದು ಸಿಕ್ಕಿದೆ. ಕೂರಿಸಿಬಿಡೋಣ. ಇನ್ನು ಇಪ್ಪತ್ತು ವರ್ಷ ಇದರ ಗೋಜಿಗೆ ಹೋಗೋದು ಬೇಡ."

ಡೀಸೆಲ್ ಎಂಜಿನ್ನು ಭಾರ. ಅದನ್ನು ಕಾರಿನ ತಳದ ಚೌಕಟ್ಟಿಗೆ, ಚಾಸಿಗೆ, ಹಿಡಿದು ನಿಲ್ಲಿಸಲು ಎರಡೂ ಕಡೆ ಹೊಸ ಬ್ರಾಕೆಟ್ ಬೇಕು. ತಮ್ಮ ಕಾರಿನ ಕೆಳಗೆ ಮಲಗಿ ಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಟ್ಟ. ಭಾವ ವರ್ಕ್‌ಶಾಪಿನಲ್ಲಿ ಪ್ಲೇಟು ಕತ್ತರಿಸಿ, ತೂತು ಕೊರೆದು, ಅಂಚು ಉಜ್ಜಿ ಬೆಳ್ಳಿಯ ಹಾಗೆ ಮಿರುಗಿಸಿ ತಂದರು. ಇಬ್ಬರೂ ಸೇರಿ ಎಂಜಿನ್ನು ಇಳಿಸಿದ ಭಾನುವಾರ ಮನೆಯಲ್ಲಿ ಹಬ್ಬದಂತಿತ್ತು. ಅವಳು ಹನ್ನೆರಡು ಸಲ ಟೀ ಮಾಡಿದ್ದಳು.

ಏಳು ತಿಂಗಳು ಓಡಿತು. ಒಂದು ಮಧ್ಯಾಹ್ನ ಇಳಿಜಾರಿನಲ್ಲಿ ಎಡಗಡೆಯ ಬ್ರಾಕೆಟ್ ತುಂಡಾಯಿತು. ಎಂಜಿನ್ನು ವಾಲಿ ಸ್ಟಿಯರಿಂಗ್ ಬಿಗಿದುಕೊಂಡು ಕಾರು ರಸ್ತೆ ಬದಿಯ ಗೋಡೆಗೆ ಗುದ್ದಿತು. ಓಡಿಸುತ್ತಿದ್ದ ಗಂಡನಿಗೆ ತರಚಿದ ಗಾಯವೂ ಆಗಲಿಲ್ಲ. ಪಕ್ಕದಲ್ಲಿದ್ದ ಅವಳ ಮೊಣಕಾಲು ಗೋಡೆಗೂ ಸೀಟಿಗೂ ನಡುವೆ ಸಿಕ್ಕಿ ಪುಡಿಯಾಯಿತು.

"ನಿನ್ನ ಅಳತೆ ನಂಬಿದ್ದಕ್ಕೆ ನನ್ನ ಹೆಂಡತಿ ಕಾಲು ಹೋಯ್ತು!" ಆಸ್ಪತ್ರೆಯ ಕಾರಿಡಾರಿನಲ್ಲಿ ಗಂಡ ಕೂಗಿದ್ದು ಹಾಸಿಗೆಯಲ್ಲಿದ್ದ ಅವಳಿಗೂ ಕೇಳಿಸಿತ್ತು. ತಮ್ಮ ಒಂದಕ್ಷರ ಮಾತಾಡಲಿಲ್ಲ. ತಪ್ಪಿತಸ್ಥ ಇನ್ನೇನು ಮಾತಾಡುತ್ತಾನೆ ಎಂದು ಎಲ್ಲರೂ ಅಂದುಕೊಂಡರು, ಅವಳೂ ಅಂದುಕೊಂಡಳು. ಮುಂದಿನ ತಿಂಗಳು ಅವನು ಗ್ಯಾರೇಜು ಮುಚ್ಚಿ ಪಂಕ್ಚರ್ ಅಂಗಡಿ ಇಟ್ಟ. ಎಂಜಿನ್ ಮುಟ್ಟುವುದನ್ನೇ ಬಿಟ್ಟ.

*

ರಿಟೈರಾದ ಮೇಲೆ ಗಂಡನಿಗೆ ಈ ಕಾರಿನ ಕಿಟ್ಟು ಗಂಟುಬಿತ್ತು. ನಿಜವಾದ ಕಾರಿನ ಎಂಟರಲ್ಲಿ ಒಂದು ಪಾಲು, ಅವರ ಹಳೆಯ ಕಾರಿನದೇ ಪಡಿಯಚ್ಚು. ಬಿಡಿಭಾಗಗಳನ್ನು ಜೋಡಿಸಿದರೆ ಮುಗಿಯಿತು ಎಂದುಕೊಂಡಿದ್ದಳು ಅವಳು. ಅವರು ಮೊದಲು ಮಾಡಿದ ಕೆಲಸವೆಂದರೆ ಕಿಟ್ಟಿನ ಜೊತೆ ಬಂದ ಪೆಟ್ರೋಲ್ ಎಂಜಿನ್ನನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿದ್ದು. ಆಮೇಲೆ ಮೂರು ವರ್ಷ ಕೂತು ಡೀಸೆಲ್ ಎಂಜಿನ್ನು ಮಾಡಿದರು. ಬಾಲ್‌ಪೆನ್ನಿನ ತುದಿಗಳಿಂದ ಪಂಪು, ಸೈಕಲ್ ಟ್ಯೂಬು ಸೀಳಿ ಫ್ಯಾನ್ ಬೆಲ್ಟು, ಕೆಟ್ಟುಹೋದ ಇಸ್ತ್ರಿಪೆಟ್ಟಿಗೆಯ ತಂತಿಯಿಂದ ಪೈಪು. ಅವಳ ಹೊಲಿಗೆ ಪೆಟ್ಟಿಗೆಯಿಂದ ಏನು ಮಾಯವಾದರೂ ಎಂಜಿನ್ನಿನಲ್ಲಿ ಸಿಗುತ್ತಿತ್ತು.

"ಇದೇನು ಈ ವಯಸ್ಸಲ್ಲಿ?" ಎಂದರೆ ಮುಖ ಎತ್ತದೆ ಹೇಳುತ್ತಿದ್ದರು. "ಮುಗೀಲಿ ತಾಳು. ಮುಗಿದ ದಿನ ನಿನ್ನ ತಮ್ಮನನ್ನ ಕರೆದು ಇದರ ಮುಂದೆ ಕೂರಿಸ್ತೀನಿ. ತಪ್ಪು ಯಾರದು ಅಂತ ಅವನೇ ನೋಡಲಿ."

ಕಳೆದ ನಾಲ್ಕು ತಿಂಗಳು ಆ ಮಾತನ್ನೂ ಆಡುತ್ತಿರಲಿಲ್ಲ. ಭೂತಗನ್ನಡಿ ಹಿಡಿದು ಸುಮ್ಮನೆ ಕೂತಿರುತ್ತಿದ್ದರು. ಊಟ ಇಳಿದಿತ್ತು. ಆರೋಗ್ಯ ಸರಿಯಿಲ್ಲ ಎಂದುಕೊಂಡಳು ಅವಳು.

*

ಹತ್ತು ಗಂಟೆಗೆ ಗಡಿಯಾರ ರಿಪೇರಿಯವರು ಬಂದರು. ಕಾರಿಗೆ ಬೇಕಾದ ಸಣ್ಣ ಸ್ಕ್ರೂಗಳನ್ನೆಲ್ಲ ಮಾಡಿಕೊಡುತ್ತಿದ್ದವರು ಅವರೇ. ಬಾಯಿ ಬಿಟ್ಟರೆ ಕಾರಿನ ಮಾತೇ. ಹಾಲಿನಲ್ಲಿ ಎಲ್ಲರೆದುರು ಶುರು ಮಾಡಿಯಾರು ಎಂದು ಹೆದರಿ ಅವಳು ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು.

ಅವರು ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಒಳಗೆ ಹತ್ತಿಯ ಮೇಲೆ ಹಿತ್ತಾಳೆಯ ಎರಡು ಚಿಕ್ಕ ಬ್ರಾಕೆಟ್ಟುಗಳಿದ್ದವು.

"ಇವತ್ತು ಕೊಡಬೇಕಿತ್ತಮ್ಮ. ಸರಿಯಾದ ಜೊತೆ ಇದು. ಈಗ ಯಾರ ಕೈಗೆ ಕೊಡಲಿ?"

"ಸರಿಯಾದ ಜೊತೆ ಅಂದ್ರೆ?"

"ಮೊದಲನೇದು ಅವರ ಲೆಕ್ಕದ್ದು. ಆರು ಮಿಲಿಮೀಟರ್ ದಪ್ಪದ ಪ್ಲೇಟಿನ ಲೆಕ್ಕದಲ್ಲಿ ಅಳತೆ ಕೊಟ್ಟಿದ್ರು. ಮಾಡಿದ ಮೇಲೆ ಒಂದು ಸಲ ಆ ಹಳೇ ಚೀಟಿ ನಾನೂ ನೋಡ್ತೀನಿ ಅಂದೆ. ನೋಡಿದ್ರೆ ಆರಲ್ಲ ಅದು, ಒಂಬತ್ತು. ಬರೆದವರು ಕನ್ನಡ ಅಂಕಿ ಬರೆದಿದಾರೆ. ಇವರ ಕೈಗೂ ಕಣ್ಣಿಗೂ ಇಂಗ್ಲಿಷ್ ಅಂಕಿಯೇ ಅಭ್ಯಾಸ. ಕನ್ನಡದ ಆರಕ್ಕೂ ಒಂಬತ್ತಕ್ಕೂ ಬಾಲದ ತಿರುವಲ್ಲಷ್ಟೇ ವ್ಯತ್ಯಾಸ. ನಾನು ಹಳೇ ಗಡಿಯಾರದ ಚೀಟಿಗಳನ್ನ ಓದಿ ಓದಿ…" ಅವಳ ಮುಖ ನೋಡಿ ಅವರ ಮಾತು ನಿಂತಿತು. "ನಿಮಗೆ ಹೇಳಿರಲಿಲ್ವಾ ಅವರು?"

"ಯಾವಾಗ ಆಗಿದ್ದು ಇದು?"

"ನಾಲ್ಕು ತಿಂಗಳಾಯ್ತು." ಅವರು ನಾಲಿಗೆ ಕಚ್ಚಿಕೊಂಡರು. "ಒಂಬತ್ತರ ಲೆಕ್ಕದಲ್ಲಿ ಒಂದು ಜೊತೆ ಮಾಡಿಕೊಡಿ, ಕೂರಿಸಿ ಅವನನ್ನ ಕರೀತೀನಿ ಅಂದಿದ್ರು. ನನ್ನ ಕಣ್ಣಿನ ಆಪರೇಷನ್ ಆಗಿ ತಡ ಆಗೋಯ್ತು. ಕ್ಷಮಿಸಿ ತಾಯಿ."

ಅವರು ಹೋದ ಮೇಲೂ ಅವಳು ಕಟ್ಟೆ ಹಿಡಿದುಕೊಂಡು ನಿಂತೇ ಇದ್ದಳು.  ಮೂವತ್ತನಾಲ್ಕು ವರ್ಷದಲ್ಲಿ ಒಂದೂ ವಾಪಸ್ ಬರದ ಕೈ ಎಂದು ಹೊರಗೆ ಈಗಲೂ ಹೊಗಳುತ್ತಿದ್ದಾರೆ. ಬಾಯಿ ಬಿಟ್ಟರೆ ಗಂಡನ ಮಾನ ಅವರ ಹೆಣದ ಮುಂದೆಯೇ ಹೋಗುತ್ತದೆ. ಬಿಡದಿದ್ದರೆ ತಮ್ಮ ಇನ್ನು ಸಾಯುವವರೆಗೆ ಕಾಲು ಮುರಿದವನಾಗಿಯೇ ಉಳಿಯುತ್ತಾನೆ. ಅಯ್ಯೋ, ಇದನ್ನು ನನ್ನ ತಲೆಗೆ ಕಟ್ಟಿ ಹೋದಿರಲ್ಲ ಎಂದು ಗಂಡನ ಮೇಲೆ ಕೆಂಡದಂಥ ಕೋಪ ಬಂತು.

ಅಷ್ಟರಲ್ಲಿ ತಮ್ಮ ಬಂದ. ಅವನು ಹೊಸಿಲಿನ ಹತ್ತಿರವೇ ನಿಂತ. ಇಸ್ತ್ರಿ ಮಾಡಿದ ಅಂಗಿ, ಉಗುರುಗಳ ಸಂದಿಯಲ್ಲಿ ಟೈರಿನ ಕಪ್ಪು. ನಾದಿನಿ ದೇಹದ ತಲೆಯ ಬಳಿ ಹೋಗಿ ಕಾವಲಿನವಳಂತೆ ಕೂತಳು.

"ಒಳಗೆ ಬಾರೋ," ಎಂದಳು ಅವಳು. ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. "ಮಂಚದ ಕೆಳಗೊಂದು ಗಂಟಿದೆ, ತೆಗಿ. ನಂಗೆ ಬಗ್ಗೋಕಾಗಲ್ಲ."

ಕಂಬಳಿ ಬಿಚ್ಚಿದವನು ಅಲ್ಲೇ ನೆಲದ ಮೇಲೆ ಕೂತ. ಬಾನೆಟ್ಟನ್ನು ಎರಡೇ ಬೆರಳಲ್ಲಿ ಎತ್ತಿದ. ಬ್ರಾಕೆಟ್ಟು ಇರಬೇಕಾದ ಎರಡೂ ಕಡೆ ಬೆಂಕಿಕಡ್ಡಿಯ ತುಂಡು ಕೊಟ್ಟು ಎಂಜಿನ್ನನ್ನು ನಿಲ್ಲಿಸಿತ್ತು.

"ಇಂಜೆಕ್ಟರ್ ಪೈಪಿನ ಬಾಗೂ ಹಾಗೇ ಇದೆಯಲ್ಲ…" ಅವನು ಪೈಪಿನ ಮೇಲೆ ಬೆರಳಾಡಿಸಿದ. "ಭಾವ ಏನೂ ಮರೆತಿರಲಿಲ್ಲ."

ಅವಳು ಬೆಂಕಿಪೊಟ್ಟಣ ತೆರೆದು ಮುಂದೆ ಹಿಡಿದಳು. ಹೇಗೆ ಶುರುಮಾಡಲಿ ಎಂದು ಅವಳು ಯೋಚಿಸುವ ಮೊದಲೇ ಅವನು ಒಂದು ಬ್ರಾಕೆಟ್ಟನ್ನು ಅಂಗೈಗೆ ಹಾಕಿಕೊಂಡು ಹೆಬ್ಬೆರಳಲ್ಲಿ ಒತ್ತಿ ನೋಡಿದ.

"ಒಂಬತ್ತರ ಲೆಕ್ಕ," ಎಂದ. "ಹಾಗಾದ್ರೆ ಅವರಿಗೆ ಗೊತ್ತಾಯ್ತು."

"ಅವರಿಗೆ ಗೊತ್ತಾಯ್ತು ಅಂದ್ರೇನೋ? ನಿಂಗೆ ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ.

"ಯಾವಾಗಿಂದ?"

"ಅವತ್ತೇ. ಮುರಿದ ತುಂಡು ಕೈಗೆ ತಗೊಂಡಾಗಲೇ."

"ಮತ್ತೆ ಬಾಯಲ್ಲಿ ಏನಿತ್ತು ನಿಂಗೆ? ಗ್ಯಾರೇಜು ಮುಚ್ಚಿದೆ, ಊರವರ ಹತ್ರ ಅನ್ನಿಸಿಕೊಂಡೆ, ನಾನೂ ಅಂದೆ…"

"ಹೇಳಿದ್ರೆ ಏನಾಗ್ತಿತ್ತು ಅಕ್ಕ? ನೀನು ಅವರ ಜೊತೆ ಬಾಳಬೇಕಾದವಳು. ನನ್ನ ಮೇಲಿನ ಸಿಟ್ಟು ನನ್ನ ನೋಡಿದಾಗಷ್ಟೇ, ವರ್ಷಕ್ಕೆ ನಾಲ್ಕು ದಿನದ್ದು. ಅವರ ಮೇಲಾದ್ರೆ ಒಂದೊಂದು ಹೆಜ್ಜೆಗೂ ನೆನಪಾಗೋದು." ಅವನು ಬ್ರಾಕೆಟ್ಟನ್ನು ಜೋಪಾನವಾಗಿ ಹತ್ತಿಯ ಮೇಲಿಟ್ಟ. "ನಂದೂ ತಪ್ಪಿತ್ತು ಬಿಡು. ಕೂರಿಸೋ ಮೊದಲು ದಪ್ಪ ನೋಡಬೇಕಿತ್ತು. ಮೈಕ್ರೋಮೀಟರ್ ಮಾಡಿದ ಕೆಲಸ ಅಂತ ಅಳೀಲೇ ಇಲ್ಲ."

ಅವಳು ಮಂಚದ ಮೇಲೆ ಕೂತಳು. "ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಮುರಿದದ್ದು ನನ್ನ ಕಾಲು, ಗುಟ್ಟು ಮಾತ್ರ ನಿಮ್ಮಿಬ್ಬರದು!"

"ಹೊರಗೆ ಏನೂ ಹೇಳಬೇಡ ಅಕ್ಕ. ಇವತ್ತು ಬೇಡ. ನಾನು ನೋಡಿಕೊಂಡು ಹೋಗ್ತೀನಿ."

ಹೊರಗೆ ಯಾರೋ ವ್ಯಾನು ಬಂತು ಎಂದರು. ಶವಪೆಟ್ಟಿಗೆ ಮುಚ್ಚುವ ಸದ್ದು, ಯಾರು ಯಾವ ಕಡೆ ಹಿಡಿಯಬೇಕು ಎಂಬ ಗದ್ದಲ. ನಾದಿನಿಯ ದನಿ ಎಲ್ಲಕ್ಕಿಂತ ಮೇಲೆ. "ತಲೆ ಕಡೆ ಫೋರ್‌ಮನ್ ಹಿಡೀಲಿ!"

ಅವಳು ಎದ್ದು ಬಾಗಿಲು ತೆಗೆದಳು.  ಪೆಟ್ಟಿಗೆಯ ಪಕ್ಕ ಹೋಗಿ ನಿಂತಳು.

"ತಲೆ ಕಡೆ ನನ್ನ ತಮ್ಮ ಹಿಡೀತಾನೆ."

"ಏನಂದೆ?"

"ಅತ್ತಿಗೆ, ಇವನು ಬರೆದುಕೊಟ್ಟದ್ದು ಒಂಬತ್ತು. ಇವರು ಓದಿದ್ದು ಆರು. ತೆಳ್ಳಗಿನ ಪ್ಲೇಟು ಹಾಕಿದ್ರು, ಮುರೀತು. ತಪ್ಪು ಇವರದು."

 ನಾದಿನಿಯ ಮುಖ ಬಿಳಿಚಿತು. "ಸತ್ತವನ ಮುಂದೆ ನಿಂತು ಇಂಥ ಮಾತಾಡ್ತೀಯಲ್ಲೇ! ನಾಚಿಕೆ ಆಗಲ್ವಾ?"

"ಅವರ ಮುಂದೆಯೇ ಆಡಬೇಕಾದ ಮಾತು ಅತ್ತಿಗೆ. ನಾಳೆ ಆಡಿದ್ರೆ ಚಾಡಿ ಆಗುತ್ತೆ. ತಾವೇ ಹೇಳಬೇಕು ಅಂತ ಅವರಿಗಿತ್ತು. ನಾಲ್ಕು ತಿಂಗಳು ಬಾಯಿ ಬರಲಿಲ್ಲ." ಅವಳು ಫೋರ್‌ಮನ್ ಕಡೆ ತಿರುಗಿದಳು. "ಅವರ ಪರವಾಗಿ ಹೇಳ್ತಿದೀನಿ. ಈ ಮನುಷ್ಯನ ಕೈ ಮಾಡಿದ ಒಂದು ಪೀಸು ವಾಪಸ್ ಬಂತು ಅಂತ ತಿಳ್ಕೊಳ್ಳಿ."

ನಾದಿನಿ ಪೆಟ್ಟಿಗೆಯ ಮೇಲೊಮ್ಮೆ ಅಂಗೈ ಇಟ್ಟಳು. ಆಮೇಲೆ ಎದ್ದು ತಲೆಯ ಕಡೆಯಿಂದ ಪಕ್ಕಕ್ಕೆ ಸರಿದಳು. ತಮ್ಮ ಬಂದು ಹಿಡಿದ.

ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಎರಡನೇ ಮಹಡಿಯ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಹಾಕಿಕೊಂಡಿತು. ಒಬ್ಬ ಎಳೆಯಿರಿ ಎಂದ, ಇನ್ನೊಬ್ಬ ತಳ್ಳಿರಿ ಎಂದ, ವ್ಯಾನಿನವನು ಕೆಳಗಿನಿಂದ ಬೇಗ ಬೇಗ ಎಂದು ಕೂಗಿದ.

"ಯಾರೂ ಬಲ ಹಾಕಬೇಡಿ," ಎಂದ ತಮ್ಮ. ಹನ್ನೊಂದು ವರ್ಷದಿಂದ ಯಾರೂ ಕೇಳದಿದ್ದ ದನಿ ಅದು. "ಕಾಲಿನ ಕಡೆ ಒಂದು ಮೆಟ್ಟಿಲು ಇಳೀರಿ. ಹಾಂ. ಮೂತಿ ಎತ್ತಿ. ಇನ್ನೂ. ಎಡಕ್ಕೆ ಓರೆ ಮಾಡಿ… ನಿಧಾನ, ನಿಧಾನ. ಈಗ ಬಿಡಿ."

ಪೆಟ್ಟಿಗೆ ತಿರುಗತೊಡಗಿತು. ಗೋಡೆಯ ಒರಟು ಗಾರೆಗೂ ಅದಕ್ಕೂ ನಡುವೆ ಬೆರಳಿನಷ್ಟು ಜಾಗವೂ ಇರಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಂತಿದ್ದ ಅವಳಿಗೆ ಕಾಣಿಸಿತು: ಭಾವನ ತಲೆ ಇದ್ದ ಮೂಲೆ ಗೋಡೆಗೆ ಉಜ್ಜದಂತೆ ತಮ್ಮ ತನ್ನ ಬಲಗೈಯನ್ನು ನಡುವೆ ತೂರಿಸಿದ್ದ. ಪೆಟ್ಟಿಗೆ ಪೂರ್ತಿ ದಾಟುವವರೆಗೆ ಅವನ ಗೆಣ್ಣುಗಳು ಗಾರೆಯ ಮೇಲೆ ಕೆರೆಯುತ್ತ ಹೋದವು, ಸುಣ್ಣದ ಮೇಲೆ ಕೆಂಪು ಗೆರೆ ಎಳೆಯುತ್ತ. ಅವನು ಕೈ ತೆಗೆಯಲಿಲ್ಲ.