ಮೊಹರು, ಮೊಸರು ಮತ್ತು ಒಂದು ‘ನೋಡೋಣ’

ಮೊಹರಿಗೂ ಮೊಸರಿಗೂ ಒಂದೇ ಅಕ್ಷರದ ಅಂತರ. ಆ ಅಂತರದಲ್ಲಿ ಒಬ್ಬ ಪ್ರಧಾನ ವಜೀರರು ಜಾರಿದ ಕತೆ ಇದು. ಇದು ನಿಜ. ನಂಬದವರು ಇಸ್ತಾಂಬುಲಿನ ಕಾನ್ಲಿಜಾ ದಂಡೆಯ ದೋಣಿಯವರನ್ನು ಕೇಳಲಿ; ಎರಡು ಸುಳ್ಳು ಸೇರಿಸಿಯಾದರೂ ಅವರು ನಿಜವನ್ನೇ ಹೇಳುತ್ತಾರೆ.

ಒಂಬತ್ತು ವರ್ಷದ ಗಡಿಪಾರು ಮುಗಿಸಿ ಲೆಬೀಬ್ ಎಫೆಂದಿ ದೂರದ ಕರಾವಳಿಯ ಸಿನೋಪಿನಿಂದ ಇಸ್ತಾಂಬುಲ್‌ಗೆ ಮರಳಿದ್ದ. ಅವನನ್ನು ಅಲ್ಲಿಗೆ ಅಟ್ಟಿದವರು ರಾಸಿಹ್ ಪಾಷಾ. ಹರೆಯದಲ್ಲಿ ಇಬ್ಬರೂ ಭಾಷಾಂತರ ಕಚೇರಿಯ ಒಂದೇ ದೌತಿಗೆ ಲೇಖನಿ ಅದ್ದಿದವರು. ರಾಸಿಹ್ ಏರುತ್ತ ಹೋದರು: ವಿಯೆನ್ನಾದಲ್ಲಿ ರಾಯಭಾರಿ, ದೂರದ ಪ್ರಾಂತವೊಂದಕ್ಕೆ ರಾಜ್ಯಪಾಲ, ಕೊನೆಗೆ ಸುಲ್ತಾನರ ಮೊಹರನ್ನು ಕೊರಳಲ್ಲಿ ಧರಿಸಿದ ಪ್ರಧಾನ ವಜೀರ. ಏರಿದ ಗುಟ್ಟು ಒಂದೇ ಮಾತು: “ನೋಡೋಣ.” ಯಾರಿಗೂ ಇಲ್ಲವೆನ್ನಲಿಲ್ಲ, ಶತ್ರುಗಳಾಗಲಿಲ್ಲ. ಯಾರಿಗೂ ಹೂಂ ಎನ್ನಲಿಲ್ಲ, ತಪ್ಪುಗಳಾಗಲಿಲ್ಲ. ಸೇತುವೆಯೊಂದರ ದುರಸ್ತಿಯನ್ನು ಅವರು ನೋಡುತ್ತಿರುವಾಗಲೇ ಸೇತುವೆ ತಾನೇ ಹೊಳೆಯನ್ನು ನೋಡಲು ಇಳಿದುಹೋಯಿತು.

ಒಂದು ಮದುವೆಯ ಊಟದಲ್ಲಿ ಲೆಬೀಬ್ ಆ “ನೋಡೋಣ”ವನ್ನು ಗಡ್ಡ ನೀವುವುದರ ಸಮೇತ ಅನುಕರಿಸಿ ತೋರಿಸಿದ್ದ. ಜನ ಬಿದ್ದು ಬಿದ್ದು ನಕ್ಕರು. ಪಾಷಾ ನಗಲಿಲ್ಲ. “ಮೂರು ತಿಂಗಳು ಸಿನೋಪಿನ ಗಾಳಿ ಕುಡಿದು ಬರಲಿ” ಎಂದರು. ಮೂರು ತಿಂಗಳು ಕಳೆದ ಮೇಲೆ ಅವನ ಹೆಂಡತಿ ಸಬೀಹಾ ಅರ್ಜಿ ಹಿಡಿದು ಬಂದಳು. ಮೂರು ಸಲ ಬಂದಳು. ಮೂರು ಸಲವೂ “ನೋಡೋಣಮ್ಮ” ಎಂಬ ಉತ್ತರ. ನಾಲ್ಕನೆಯ ಸಲ ಬರಲು ಅವಳು ಬದುಕಿರಲಿಲ್ಲ.

ಈಗ ಪಾಷಾರ ಮೊಹರು ಹೋಗಿತ್ತು. ಹೊಸ ವಜೀರರ ಒಂದೇ ಸಹಿಗೆ ಲೆಬೀಬ್ ಬಂದಿದ್ದ. ಪದವಿ ಕಳೆದುಕೊಂಡವರ ಬಾಗಿಲಿಗೆ ಸುದ್ದಿಯೂ ಹಾಯುವುದಿಲ್ಲ. ಅವನು ಬಂದದ್ದು ಪಾಷಾರಿಗೆ ಗೊತ್ತಿರಲಿಲ್ಲ.

“ಕಣ್ಣಿಗೆ ಪೊರೆ ಬಂದಿದೆ. ದಿನಾ ಎದೆ ತಡವಿಕೊಂಡು, ಮೊಹರು ವಾಪಸ್ ತರೋ ಅರಮನೆ ದೋಣಿಗೆ ಕಾಯ್ತಾರೆ” ಎಂದು ಲೆಬೀಬನಿಗೆ ಗುಟ್ಟಾಗಿ ಹೇಳಿದ, ಪಾಷಾರ ಮನೆವಾರ್ತೆಯ ದಿಲಾವರ್ ಆಗಾ.

“ಹಾಗಾದ್ರೆ ದೋಣಿ ಕಳಿಸೋಣ” ಎಂದ ಲೆಬೀಬ್. ಅವನಿಗೆ ಬೇಕಾಗಿದ್ದುದು ಇಷ್ಟೇ: ಆ ಮುದುಕ ಒಂದು ಸಲ ನಾಲ್ಕು ಜನರೆದುರು ನಗೆಪಾಟಲಾಗಬೇಕು.

ಮರುದಿನ ಬೆಳಿಗ್ಗೆ ದೋಣಿಯವರು ದಂಡೆಯ ಮೇಲಿನ ಪಾಷಾರ ಮನೆಯ ಕಿಟಕಿಗೆ ಮುತ್ತಿಕೊಂಡರು. ಲೆಬೀಬ್ ಹಸಿರು ರೇಷ್ಮೆ ಮುಚ್ಚಿದ ತಟ್ಟೆ ಹಿಡಿದು ಒಳಗೆ ಬಂದ. ರೇಷ್ಮೆಯಡಿಯಲ್ಲಿ ಒಂದು ಕುಡಿಕೆ ಕಾನ್ಲಿಜಾ ಮೊಸರು, ಸಕ್ಕರೆ ಉದುರಿಸಿ ತಿನ್ನುವಂಥದ್ದು. ಅರಮನೆಯ ಹಿರಿಯ ಕಾರ್ಯದರ್ಶಿಯ ಮೂಗುದನಿಯಲ್ಲಿ ಸಾರಿದ: “ಸುಲ್ತಾನರ ಕೃಪೆ ಮರಳಿದೆ. ಪಾಷಾ ಅವರು ಮೊಹರನ್ನು ಸ್ವೀಕರಿಸಬೇಕು.”

ಪಾಷಾ ತಡಬಡಿಸಿ ಎದ್ದರು. “ದಿಲಾವರ್, ಕೋಟು! ಅದಲ್ವೋ ಮಂಕೇ, ಪದಕ ಇರೋದು!” ಗುಂಡಿಗಳೆಲ್ಲ ಒಂದೊಂದು ಮನೆ ತಪ್ಪಿದವು. ಕಿಟಕಿಯಲ್ಲಿ ಯಾರೋ ನಗು ನುಂಗಿ ಕೆಮ್ಮಿದರು. ತಟ್ಟೆಯತ್ತ ಚಾಚಿದ ಕೈ ಮಾತ್ರ ಗೇಣುದೂರದಲ್ಲೇ ನಿಂತಿತು.

“ತಡಿ. ಮೊದ್ಲು ಬರ್ಕೋ, ಆಗಾ.”

“ಏನ್ ಬರೀಲಿ, ಸಾಹೇಬ್ರೇ?”

“ಲೆಬೀಬ್ ಎಫೆಂದಿಯನ್ನ ಸಿನೋಪಿನಿಂದ ಇವತ್ತೇ ಕರೆಸಬೇಕು ಅಂತ. ಮೊಹರು ಕೈಗೆ ಬಂದ ಉಸಿರಿಗೇ ಒತ್ತಿಬಿಡ್ತೀನಿ. ಕೂತು ಒಂದು ಕಾಫಿ ಕುಡಿದ್ನೋ, ಮತ್ತೆ ಅದೇ ಹಾಳು ಮಾತು ಬಾಯಿಗೆ ಬರತ್ತೆ.”

ಲೆಬೀಬನ ಮೂಗುದನಿ ಗಂಟಲಿಗೆ ಇಳಿಯಿತು. “ಅಷ್ಟೇನು ಅವಸರ?”

“ಅವನ ಹೆಂಡ್ತಿ ಮೂರು ಸಲ ಬಂದಿದ್ಲು. ನಾಲ್ಕನೇ ಸಲ ಬರ್ತಾಳೆ, ಹೂಂ ಅಂದುಬಿಡೋಣ ಅಂತ ಬಾಗಿಲಲ್ಲಿ ನಾನೇ ಕಾದೆ. ಬರ್ಲಿಲ್ಲ. ಅವಳಿಲ್ಲದ ಮನೆಗೆ ಅವನನ್ನ ಯಾವ ಮುಖದಲ್ಲಿ ಕರೆಸಲಿ ಅಂತ ಅದನ್ನೂ ಮುಂದೆ ಹಾಕಿದೆ.”

ಲೆಬೀಬ್ ತಟ್ಟೆಯನ್ನು ಹಿಂದೆಳೆದ. ಪಾಷಾರ ಕೈ, ಜೀವಮಾನದಲ್ಲಿ ಮೊದಲ ಬಾರಿಗೆ, ಅವಸರ ಮಾಡಿತ್ತು. ರೇಷ್ಮೆ ಸರಿಸಿ ಬೆರಳಿಳಿಸಿದರು. ಸಂಪ್ರದಾಯದಂತೆ ಬೆರಳನ್ನು ತುಟಿಗೂ ಹಣೆಗೂ ಮುಟ್ಟಿಸಿದರು. ಮೀಸೆ, ಹಣೆ ಎಲ್ಲ ಬೆಳ್ಳಗಾಯಿತು. ದೋಣಿಯವರು ಗೊಳ್ಳೆಂದರು.

ಈ ಗಳಿಗೆಗೆಂದು ಒಂಬತ್ತು ವರ್ಷ ಕಾದಿಟ್ಟಿದ್ದ ಮಾತು ಲೆಬೀಬನ ಬಾಯಿಂದ ತಾನಾಗಿ ಹೊರಬಿತ್ತು. ಪಾಷಾರದೇ ದನಿ, ಆದರೆ ನಡುವೆ ಒಡೆದ ದನಿ: “ನೋಡೋಣ.”

ಪಾಷಾ ದನಿ ಬಂದತ್ತ ಪೊರೆಗಣ್ಣು ಕಿರಿದಾಗಿಸಿದರು. ಆಮೇಲೆ ಮೆಲ್ಲಗೆ ಅಂದರು: “ಗಡ್ಡ ನೀವ್ಕೊಂಡು ಹೇಳ್ಬೇಕಲ್ವೇನೋ ಲೆಬೀಬ? ಮರ್ತೇಬಿಟ್ಯಾ?”

ಲೆಬೀಬ್ ತನ್ನ ತೋಳಿನ ಬಟ್ಟೆಯಿಂದ ಆ ಮೀಸೆ ಒರೆಸಲು ಹೋದ. ಪಾಷಾ ಅವನ ಕೈ ಸರಿಸಿ ಬೆರಳು ನೆಕ್ಕಿದರು.

“ಮೊಹರು ಅಂತ ಮೊಸರು ತಂದ್ಯಾ, ಕಳ್ಳ! ಅದಕ್ಕೆ ಸಕ್ಕರೇನೂ ಇಲ್ಲ!”

ಅಂದವರೇ ನಕ್ಕರು. ದೋಣಿಯವರ ನಗುವೆಲ್ಲ ಮುಳುಗುವಷ್ಟು ಜೋರಾಗಿ, ಮೊಸರಿನ ಕೈಯನ್ನು ಬರಿದಾದ ಎದೆಗೆ ಒತ್ತಿಕೊಂಡು, ಪೊರೆಗಣ್ಣು ಸುರಿಯುತ್ತಿದ್ದರೂ ನಕ್ಕರು. ಉಳಿದವರೆಲ್ಲ ಸುಮ್ಮನಾದ ಮೇಲೂ ನಗುತ್ತಲೇ ಇದ್ದರು.