ಹನ್ನೊಂದನೇ ಹಾಸಿಗೆ

"ನೂರಕ್ಕೆ ತೊಂಬತ್ತಾರು ಸರಿ ಬಂದಿದೆ ಸರ್!" ಎಂದು ಅವಳು ಹೇಳಿದಾಗ ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮಾತ್ರ ಹುಬ್ಬು ಗಂಟಿಕ್ಕಿದರು.

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತೆಯಾಗಿ ಸವೆದವಳು ಅವಳು. ಈ ವಯಸ್ಸಿನಲ್ಲಿ ಶನಿವಾರದ ಡೇಟಾ ಸೈನ್ಸ್ ತರಗತಿಗೆ ಸೇರಿ, ಮಗಳ ವಾರಿಗೆಯವರ ನಡುವೆ ಕೂರುತ್ತಿದ್ದಳು. ಮುಂದಾಗುವುದನ್ನು ಊಹಿಸುವ ಒಂದು ಪ್ರಾಜೆಕ್ಟನ್ನು ಎಲ್ಲರೂ ಮಾಡಬೇಕಿತ್ತು. ಉಳಿದವರು ಮಳೆ, ಕ್ರಿಕೆಟ್ಟು ಎಂದು ಹಿಡಿದರೆ ಇವಳು ಹೆಸರು ಅಳಿಸಿದ ಹಳೆಯ ದಾಖಲೆಗಳನ್ನು ತಂದಳು. ವಯಸ್ಸು, ಜ್ವರ, ಉಸಿರಾಟ, ಹಾಸಿಗೆ ಸಂಖ್ಯೆ, ಎಲ್ಲವೂ ತಾನೇ ತುಂಬಿಸಿದ್ದು. ಎದೆರೋಗದ ವಾರ್ಡಿಗೆ ಬಂದವರಲ್ಲಿ ಯಾರು ಮನೆಗೆ ಹೋಗುತ್ತಾರೆ, ಯಾರು ಹೋಗುವುದಿಲ್ಲ ಎಂಬುದೇ ಪ್ರಶ್ನೆ.

ಅದೇ ವಾರ್ಡಿನ ನಾಲ್ಕನೇ ಹಾಸಿಗೆಯಲ್ಲಿ ಐದು ದಿನಗಳಿಂದ ಅವಳ ಅಮ್ಮ ಮಲಗಿದ್ದಳು. ನಿನ್ನೆ ಕದ್ದುಮುಚ್ಚಿ ಅಮ್ಮನ ವಿವರವನ್ನೂ ಕೊಟ್ಟು ನೋಡಿದ್ದಳು. 'ಮನೆಗೆ' ಎಂದಿತ್ತು ಕಂಪ್ಯೂಟರ್; ಅದನ್ನು ಅಮ್ಮನಿಗೂ ಹೇಳಿದ್ದಳು. ಡಾಕ್ಟರು ತುಟಿ ಬಿಚ್ಚದ ಆ ವಾರದಲ್ಲಿ ಅವಳಿಗೆ ನಿದ್ದೆ ತಂದದ್ದು ಆ ಮೂರು ಅಕ್ಷರ.

"ಇಷ್ಟೊಂದು ಸರಿ ಬಂದ್ರೆ ನನಗೆ ಭಯ ಆಗುತ್ತೆ ಮೇಡಂ," ಎಂದರು ಮೇಷ್ಟ್ರು. "ಯಾವ ಕಾಲಂ ನೋಡಿ ಹೇಳ್ತಿದೆ, ಹುಡುಕಿ."

ಹುಡುಕಿದಳು. ಜ್ವರವೂ ಅಲ್ಲ, ಉಸಿರೂ ಅಲ್ಲ. ಹಾಸಿಗೆ ಹನ್ನೊಂದಾದರೆ ಸಾವು, ಬೇರೆಯಾದರೆ ಮನೆ. ಅದರ ಜಾಣತನವೆಲ್ಲ ಇಷ್ಟೇ.

"ಆ ಹಾಸಿಗೇಲಿ ದೆವ್ವ ಇದೆಯಾ ಆಂಟಿ?" ಎಂದು ಯಾರೋ ಕಿಸಕ್ಕೆಂದರು. ಅವಳೂ ನಕ್ಕಳು.

"ಆ ಕಾಲಂ ಕಿತ್ತು ಹಾಕಿ ಮತ್ತೆ ಮಾಡ್ಕೊಂಡು ಬನ್ನಿ," ಎಂದರು ಮೇಷ್ಟ್ರು.

ಮಧ್ಯಾಹ್ನ ಆಸ್ಪತ್ರೆಗೆ ಹೋಗಿ, ವಾರ್ಡಿನ ದೊಡ್ಡ ಸಿಸ್ಟರನ್ನು ಮೆಟ್ಟಿಲ ಬಳಿ ನಿಲ್ಲಿಸಿ ಹನ್ನೊಂದನೇ ಹಾಸಿಗೆಯ ವಿಷಯ ಕೇಳಿದಳು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೇ? ಹನ್ನೊಂದು ಬಾಗಿಲ ಪಕ್ಕ ಅಲ್ವಾ. ಉಳಿಯಲ್ಲ ಅನ್ಸಿದೋರನ್ನ ನಾವೇ ಅಲ್ಲಿಗೆ ಹಾಕ್ತೀವಿ. ಹೋದ್ಮೇಲೆ ಉಳಿದೋರ ಕಣ್ಮುಂದೆ ಹೊತ್ಕೊಂಡು ಹೋಗಬಾರದಲ್ಲ, ಪಾಪ. ನಾನು ಕೆಲಸಕ್ಕೆ ಸೇರೋಕೆ ಮುಂಚಿಂದ ಹೀಗೇ."

ಇಪ್ಪತ್ತೆರಡು ವರ್ಷ ಆ ಅಂಕಿಯನ್ನು ಬರೆದ ಕೈಗೆ ಇದು ಗೊತ್ತೇ ಇರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಸೋಮವಾರ ಊಟದ ಡಬ್ಬಿ ಹಿಡಿದು ವಾರ್ಡಿಗೆ ಹೋದರೆ ನಾಲ್ಕನೇ ಹಾಸಿಗೆಯಲ್ಲಿ ಬೇರೆ ಯಾರೋ ಹೆಂಗಸು. ಒಂದೊಂದೇ ಹಾಸಿಗೆ ನೋಡುತ್ತ ಹಿಂದಕ್ಕೆ ಬಂದಳು.

"ಇಲ್ಲಿದೀನಿ ಕಣೇ!" ಬಾಗಿಲ ಪಕ್ಕದಿಂದ ಅಮ್ಮ ಕೈಯೆತ್ತಿದಳು. "ಸಿಸ್ಟರೇ ಬಂದು ಬದಲಾಯಿಸಿ ಕೊಟ್ರು. ಎಷ್ಟು ಚೆನ್ನಾಗಿ ಗಾಳಿ ಬರುತ್ತೆ ನೋಡು. ನೀನು ಇಲ್ಲಿ ಕೆಲಸ ಮಾಡೋಳು ಅಂತ ಒಳ್ಳೇ ಜಾಗ ಕೊಟ್ಟಿದಾರೆ."

ಮೇಜಿನ ಹಿಂದೆ ಕೂತಿದ್ದ ದೊಡ್ಡ ಸಿಸ್ಟರ್ ಬರೆಯುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ.

"ನಿನ್ನ ಕಂಪ್ಯೂಟರ್ ಏನನ್ನುತ್ತೆ? ಯಾವತ್ತು ಮನೆಗೆ?" ಎಂದಳು ಅಮ್ಮ.

"ಇನ್ನೇನು, ಈ ವಾರದಲ್ಲೇ ಅಮ್ಮ," ಎಂದು ಅನ್ನ ಕಲಸಿದಳು. ಅಮ್ಮ ಎರಡು ತುತ್ತು ತಿಂದು ಸಾಕೆಂದಳು.

ಸಂಜೆ ದಿನದ ಪಟ್ಟಿ ತುಂಬಿಸುತ್ತ ಅಮ್ಮನ ಸಾಲಿಗೆ ಬಂದಳು. ನಾಲ್ಕನ್ನು ಅಳಿಸಿ ಹನ್ನೊಂದು ಬರೆಯಬೇಕು. ಇಷ್ಟು ವರ್ಷದಲ್ಲಿ ಅವಳು ಬೇಕೆಂದು ಒಂದು ಅಂಕಿಯನ್ನೂ ತಪ್ಪಾಗಿ ಬರೆದವಳಲ್ಲ. ನಾಲ್ಕನ್ನು ಹಾಗೆಯೇ ಬಿಟ್ಟಳು. ಆ ಕಾಲಂ ಇನ್ನೂ ಕೀಳದ ತನ್ನ ಪ್ರಾಜೆಕ್ಟನ್ನು ತೆರೆದು, ಅಮ್ಮನ ಸಾಲನ್ನು ಕೊಟ್ಟು, ಗುಂಡಿ ಒತ್ತಿದಳು.

'ಮನೆಗೆ' ಎಂದಿತು.

ಅವಳು ಮತ್ತೊಮ್ಮೆ ಒತ್ತಿದಳು.